ಬೈಲಹೊಂಗಲದ ಹೋಮ್ ಥಿಯೇಟರ್ ಮತ್ತು ರಾಮನ್ ಅವರ ಕಿವಿ

ಫೆಬ್ರವರಿ 28 ಬಂತು ಅಂದ್ರೆ ನಮ್ಮ ಫಿಸಿಕ್ಸ್ ಡಿಪಾರ್ಟ್‌ಮೆಂಟ್ ಮುಂದೆ ರಂಗೋಲಿ ಬೀಳುತ್ತದೆ. ಪೇಟ ಸುತ್ತಿದ ಒಂದು ಮುಖ, ಪಕ್ಕದಲ್ಲಿ ಒಂದು ಪ್ರಿಜಮ್ಮು, ಅದರಿಂದ ಹೊರಬರುವ ಏಳು ಬಣ್ಣ. ರಾಮನ್ ಎಫೆಕ್ಟಿಗೂ ಪ್ರಿಜಮ್ಮಿನ ಏಳು ಬಣ್ಣಕ್ಕೂ ಅಂಥಾ ಸಂಬಂಧ ಏನೂ ಇಲ್ಲ ಅಂತ ಯಾರೂ ಹೇಳೋದಿಲ್ಲ. ನಾವೂ ಹೇಳಿಲ್ಲ, ಎರಡು ವರ್ಷ ರಂಗೋಲಿಗೆ ಬಣ್ಣ ತುಂಬಿದವರು ನಾವೇ. ಸರ್ ಸಿ. ವಿ. ರಾಮನ್ ಅಂದ್ರೆ ಬೆಳಕು, ಬೆಳಕು ಅಂದ್ರೆ ನೊಬೆಲ್, ಅಲ್ಲಿಗೆ ಕ್ವಿಜ್ ಮುಗೀತು. ಆ ಮನುಷ್ಯ ಬೆಳಕಿಗಿಂತ ಮೊದಲು ಹೆಚ್ಚುಕಡಿಮೆ ಹದಿನೈದು ವರ್ಷ ಸದ್ದಿನ ಬೆನ್ನು ಹತ್ತಿದ್ದ ಅನ್ನೋದು ನಮಗೆ ಗೊತ್ತಾಗಿದ್ದು ಈ ಸಲದ ದಸರಾ ರಜೆಯಲ್ಲಿ, ಅದೂ ಒಂದು ಕೆಟ್ಟ ಹೋಮ್ ಥಿಯೇಟರಿನ ದೆಸೆಯಿಂದ.

ನಾವು ಅಂದ್ರೆ ಒಂದೇ ಲ್ಯಾಬ್ ಬ್ಯಾಚಿನ ನಾಲ್ವರು. ಒಬ್ಬ ಬೈಲಹೊಂಗಲದವ, ಒಬ್ಬ ಕಿತ್ತೂರಿನವ, ಒಬ್ಬಳು ಸವದತ್ತಿಯವಳು, ಒಬ್ಬ ರಾಮದುರ್ಗದವ. ರಜೆಯಲ್ಲಿ ಎಲ್ಲರೂ ಬೈಲಹೊಂಗಲದವನ ಮನೆಗೆ ಹೋಗಿದ್ದೆವು. ಹೊಸ ಮನೆ, ಹೊಸ ಹಾಲು: 16 ಅಡಿ ಉದ್ದ, 12 ಅಡಿ ಅಗಲ, ಕೆಳಗೆ ಮುಖ ಕಾಣುವಂಥ ಟೈಲ್ಸು, ಒಂದು ಗೋಡೆ ತುಂಬಾ ಗಾಜಿನ ಷೋಕೇಸು. ಅದರೊಳಗೆ ಟಿವಿ, ಟಿವಿ ಸುತ್ತ 5.1 ಸ್ಪೀಕರುಗಳು. ಸಬ್‌ವೂಫರ್ ಮೂಲೆಯಲ್ಲಿ, ಸೋಫಾದ ಹಿಂದೆ, ಕಾಣಬಾರದು ಅಂತ.

ಆ ಮನೆಯ ಅಜ್ಜ ಒಂದು ಕಾಲಕ್ಕೆ ಊರಿನ ಭಜನಾ ಮೇಳದಲ್ಲಿ ಹಾಡಿದವರು. ಮೇಳದ ಹಳೇ ಕ್ಯಾಸೆಟ್ಟುಗಳನ್ನು ಮೊಮ್ಮಗ ಪೆನ್‌ಡ್ರೈವಿಗೆ ಹಾಕಿಸಿಕೊಟ್ಟಿದ್ದ. ಅಜ್ಜ ಎರಡು ದಿನ ಕೇಳಿದರು, ಮೂರನೇ ದಿನ ಎದ್ದು ಹೊರಗೆ ಕಟ್ಟೆಗೆ ಹೋಗಿ ಕೂತರು. ಹಾಡಿನ ಮಾತು ಒಂದೂ ತಿಳಿಯವಲ್ದು, ಬರೇ ಗುಂಯ್ ಅಂತೈತಿ ಅನ್ನೋದು ಅವರ ತಕರಾರು. ಮನೆಯವರೆಲ್ಲ ಸೇರಿ ಅಜ್ಜನ ಕಿವಿ ಹೋಯ್ತು ಅಂತ ತೀರ್ಮಾನ ಮಾಡಿ, ಹಿಯರಿಂಗ್ ಏಡಿನ ರೇಟು ವಿಚಾರಿಸಿ ಇಟ್ಟಿದ್ದರು. ಅಜ್ಜನೂ ಅದನ್ನ ಒಪ್ಪಿಕೊಂಡುಬಿಟ್ಟಿದ್ದರು, ನಮಗೆ ಕೆಟ್ಟೆನಿಸಿದ್ದು ಅದೇ. ಅಂಗಡಿಯವರು ಮಾತ್ರ ಆಂಪ್ಲಿಫೈಯರ್ ಸಾಲದು, ದೊಡ್ಡದು ಹಾಕಿಸಿ ಅಂದಿದ್ದರಂತೆ. ಇಂಜಿನಿಯರಿಂಗ್ ಓದೋ ಹುಡುಗರು ನಾಲ್ಕು ಮಂದಿ ಮನೆಗೆ ಬಂದಾರ, ನೋಡ್ರಿ ಅಂತ ನಮ್ಮ ಕೊರಳಿಗೆ ಕಟ್ಟಿದರು. ನಾವು ಆಂಪ್ಲಿಫೈಯರ್ ಬಿಚ್ಚಿ ನೋಡಿದೆವು, ಏನೂ ತಿಳಿಯಲಿಲ್ಲ, ಮತ್ತೆ ಮುಚ್ಚಿದೆವು. ಆ ರಾತ್ರಿ ಮೊಬೈಲಿನಲ್ಲಿ ಸದ್ದು, ಅನುರಣನೆ ಅಂತ ಹುಡುಕುತ್ತಾ ಹೋದಾಗ ಎದುರಾದ ಹೆಸರು ರಾಮನ್ ಅವರದು. ಅವರ ಜೀವನಚರಿತ್ರೆ ಓದಲು ಶುರು ಮಾಡಿದ್ದು ಹಾಗೆ.

ಹುಟ್ಟಿದ್ದು 1888ರ ನವೆಂಬರ್ 7, ತಿರುಚಿರಾಪಳ್ಳಿ ಹತ್ತಿರ. ತಂದೆ ಚಂದ್ರಶೇಖರ ಅಯ್ಯರ್ ಆಮೇಲೆ ವಿಶಾಖಪಟ್ಟಣದ ಕಾಲೇಜಿನಲ್ಲಿ ಗಣಿತ ಮತ್ತು ಭೌತಶಾಸ್ತ್ರದ ಅಧ್ಯಾಪಕರಾದರು. ಮನೆಯಲ್ಲಿ ಪುಸ್ತಕ ಬಹಳ, ಜೊತೆಗೆ ತಂದೆಯ ಪಿಟೀಲು. ಹುಡುಗ 11ನೇ ವಯಸ್ಸಿಗೇ ಮೆಟ್ರಿಕ್ ಮುಗಿಸಿದ, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ 1904ಕ್ಕೆ ಬಿ.ಎ., 1907ಕ್ಕೆ ಎಂ.ಎ. ಮೊದಲ ಸಂಶೋಧನಾ ಲೇಖನ ಲಂಡನ್ನಿನ ಪತ್ರಿಕೆಯಲ್ಲಿ ಬಂದಾಗ ವಯಸ್ಸು 18. (ನಮ್ಮ ವಯಸ್ಸು ಇಲ್ಲಿ ಬರೆಯೋದಿಲ್ಲ.) ಆ ದಿನಗಳಲ್ಲಿ ಅವರನ್ನು ಹಿಡಿದ ಒಂದು ಪುಸ್ತಕ ಅಂದ್ರೆ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಸ್ವರಗಳ ಬಗ್ಗೆ ಬರೆದದ್ದು. ಒಂದೇ ಶ್ರುತಿಯಲ್ಲಿ ನುಡಿಸಿದರೂ ಪಿಟೀಲು ಪಿಟೀಲಿನಂತೆ, ಕೊಳಲು ಕೊಳಲಿನಂತೆ ಯಾಕೆ ಕೇಳುತ್ತದೆ? ಮೂಲಸ್ವರದ ಜೊತೆಗೆ ಬರುವ ಉಪಸ್ವರಗಳು ಯಾವುವು, ಎಷ್ಟೆಷ್ಟು ಬಲದ್ದು ಅನ್ನೋದರ ಮೇಲೆ ಅದು ನಿಂತಿದೆ ಅಂತ ವಿವರಿಸುವ ಪುಸ್ತಕ. ನಾವು ಈಕ್ವಲೈಜರ್ ಅಂತ ಆಕಡೆ ಈಕಡೆ ಎಳೆದಾಡುವ ಕಡ್ಡಿಗಳ ಹಿಂದಿನ ವಿಚಾರ ಪೂರಾ ಇದೇ.

ಇಂಗ್ಲೆಂಡಿಗೆ ಹೋಗಿ ಓದಬೇಕಿತ್ತು. ಈ ಶರೀರ ಅಲ್ಲಿಯ ಹವಾಮಾನ ತಡೆಯೋದಿಲ್ಲ ಅಂತ ಡಾಕ್ಟರು ಬರೆದುಕೊಟ್ಟರು. ವಿಜ್ಞಾನ ಓದಿದವನಿಗೆ ಈ ದೇಶದಲ್ಲಿ ಆಗ ಕೆಲಸವೂ ಇರಲಿಲ್ಲ. ಹಣಕಾಸು ಇಲಾಖೆಯ ಪರೀಕ್ಷೆ ಬರೆದು ಮೊದಲ ಸ್ಥಾನ ಬಂದು, ವೀಣೆ ನುಡಿಸುತ್ತಿದ್ದ ಲೋಕಸುಂದರಿಯವರನ್ನು ಮದುವೆಯಾಗಿ, 1907ರಲ್ಲಿ ಕಲಕತ್ತಾಕ್ಕೆ ಅಸಿಸ್ಟೆಂಟ್ ಅಕೌಂಟೆಂಟ್ ಜನರಲ್ ಆಗಿ ಹೋದರು. ಲೆಕ್ಕಪತ್ರದ ಸಾಹೇಬ. ಕೋರ್ ಬಿಟ್ಟು ಬೇರೆ ಕಂಪನಿ ಸೇರಿದ ಸೀನಿಯರುಗಳನ್ನು ನಾವು ಬೈಯುತ್ತೇವಲ್ಲ, ಇವರೂ ಅದೇ ಮಾಡಿದ್ದು.

ಆದ್ರೆ ಟ್ರಾಮಿನಲ್ಲಿ ಹೋಗುವಾಗ ಬೌಬಜಾರ್ ಬೀದಿಯ 210ನೇ ನಂಬರಿನ ಕಟ್ಟಡದ ಮೇಲೆ ಒಂದು ಬೋರ್ಡು ಕಂಡಿತು. ಮಹೇಂದ್ರಲಾಲ್ ಸರ್ಕಾರ್ 1876ರಲ್ಲಿ ಕಟ್ಟಿದ ವಿಜ್ಞಾನ ಸಂಸ್ಥೆ, ಒಳಗೆ ಉಪಕರಣಗಳಿದ್ದವು, ಉಪಯೋಗಿಸುವವರು ಇರಲಿಲ್ಲ. ಬಾಗಿಲು ತೆರೆದ ಆಶುತೋಷ್ ಡೇ ಮುಂದೆ ಎಷ್ಟೋ ವರ್ಷ ಅವರ ಸಹಾಯಕರಾಗಿ ದುಡಿದರು. ರಾಮನ್ ಬೆಳಗ್ಗೆ ಆಫೀಸಿಗಿಂತ ಮುಂಚೆ ಅಲ್ಲಿ, ಸಂಜೆ ಆಫೀಸು ಬಿಟ್ಟ ಮೇಲೆ ರಾತ್ರಿ ತನಕ ಅಲ್ಲಿ. ನಡುವೆ ರಂಗೂನಿಗೆ, ನಾಗಪುರಕ್ಕೆ ವರ್ಗವಾಯಿತು, 1911ಕ್ಕೆ ಮತ್ತೆ ಕಲಕತ್ತಾ. ಹತ್ತು ವರ್ಷ ಹೀಗೆ ನಡೆಯಿತು, ಸರ್ಕಾರಿ ನೌಕರನ ಪಾರ್ಟ್‌ಟೈಮ್ ವಿಜ್ಞಾನ.

ಆ ಪಾರ್ಟ್‌ಟೈಮಿನಲ್ಲಿ 1909ರಷ್ಟು ಹಿಂದೆಯೇ ಅವರು ಬರೆದ ಒಂದು ಲೇಖನದ ವಿಷಯ ಏಕತಾರಿ. ಹೌದು, ತತ್ವಪದ ಹಾಡುವವರು ಕೈಯಲ್ಲಿ ಹಿಡಿದಿರುತ್ತಾರಲ್ಲ, ಆ ಒಂಟಿ ತಂತಿಯ ವಾದ್ಯ. ಇದನ್ನು ಓದಿದ ಕೂಡಲೇ ಸವದತ್ತಿಯವಳಿಗೆ ಚೌಡಿಕೆ ನೆನಪಾಯಿತು. ಎಲ್ಲಮ್ಮನ ಗುಡ್ಡದಲ್ಲಿ ಜೋಗತಿಯರ ಕೈಯಲ್ಲಿರುವ ಆ ವಾದ್ಯಕ್ಕೆ ಒಂದು ಕಡೆ ಚರ್ಮ, ಚರ್ಮದ ನಡುವೆ ಸಿಕ್ಕಿಸಿದ ತಂತಿ. ತಂತಿಯ ಎಳೆತ ಏರಿಳಿದಂತೆ ಚರ್ಮ ಒಳಗೆ ಹೊರಗೆ ಆಡುತ್ತದೆ, ಗಾಳಿಯನ್ನು ತಳ್ಳುವುದು ಆ ಚರ್ಮ. ತಂತಿ ತಾನೊಂದೇ ಆಗಿದ್ದರೆ ನಾಲ್ಕು ಮಾರು ದೂರಕ್ಕೂ ಕೇಳುತ್ತಿರಲಿಲ್ಲ. ಈಗ ತಂತಿಯ ಜಾಗದಲ್ಲಿ ವಾಯ್ಸ್ ಕಾಯಿಲ್ ಇಡಿ, ಚರ್ಮದ ಜಾಗದಲ್ಲಿ ಕಾಗದದ ಕೋನ್ ಇಡಿ: ಲೌಡ್‌ಸ್ಪೀಕರ್ ಆಯಿತು. ನಾವು ಮೂರು ಸೆಮಿಸ್ಟರ್ ಡಯಾಗ್ರಾಮ್ ಬರೆದು ಮಾರ್ಕ್ಸ್ ತೊಗೊಂಡದ್ದು ಗುಡ್ಡದ ಮೇಲೆ ಎಷ್ಟೋ ತಲೆಮಾರಿನಿಂದ ಬಾರಿಸುತ್ತಿದ್ದದ್ದನ್ನೇ.

ಇನ್ನು ನಮ್ಮ ಕಥೆಗೆ ನೇರ ಬೇಕಾಗುವ ಭಾಗ. ಪಿಟೀಲಿನಲ್ಲಿ, ಅದಕ್ಕಿಂತ ಹೆಚ್ಚಾಗಿ ದೊಡ್ಡ ಗಾತ್ರದ ಚೆಲ್ಲೋದಲ್ಲಿ ಒಂದು ರೋಗ ಉಂಟು. ಎಷ್ಟೇ ಬೆಲೆಯ ವಾದ್ಯವಾಗಲಿ, ಎಷ್ಟೇ ಪಳಗಿದ ಕೈಯಾಗಲಿ, ಒಂದು ನಿರ್ದಿಷ್ಟ ಸ್ವರಕ್ಕೆ ಬಂದ ಕೂಡಲೇ ಸದ್ದು ಒಡೆದು, ತೊದಲಿ, ಊಳಿಟ್ಟಂತೆ ಕೇಳುತ್ತದೆ. ಅದಕ್ಕೇ ಅದನ್ನು ತೋಳನ ಸ್ವರ ಅಂತಾರೆ. ಕೆಟ್ಟದ್ದು ತಂತಿಯೇ? ತಂತಿ ಬದಲಿಸಿದರೂ ಹೋಗೋದಿಲ್ಲ. ಕಮಾನೇ? ಕಮಾನು ಬದಲಿಸಿದರೂ ಹೋಗೋದಿಲ್ಲ. ಬಾಕಿ ಸ್ವರಗಳಲ್ಲಿ ಅದೇ ತಂತಿ, ಅದೇ ಕಮಾನು, ಅದೇ ಮರದ ಡಬ್ಬಿ ಚೆಂದ ನುಡಿಯುತ್ತವೆ. ರಾಮನ್ 1916ರಲ್ಲಿ ಇದರ ಮೇಲೆ ಲೇಖನಗಳನ್ನು ಪ್ರಕಟಿಸಿದರು. ಅವರು ಮಾಡಿದ್ದು ಇಷ್ಟು: ತಂತಿಯ ಅದುರಾಟ ಮತ್ತು ಡಬ್ಬಿಯ ಮೇಲ್ಮೈಯ ಅದುರಾಟ, ಎರಡನ್ನೂ ಏಕಕಾಲಕ್ಕೆ ಫೋಟೋ ಫಲಕದ ಮೇಲೆ ಬರೆಸಿಕೊಂಡರು. ಇವತ್ತಿನ ಭಾಷೆಯಲ್ಲಿ ಎರಡು ಚಾನೆಲಿನ ಆಸಿಲೋಸ್ಕೋಪು. ಆಗ ಕಂಡದ್ದು ಏನಂದ್ರೆ, ಎರಡೂ ಸರಿಸುಮಾರು ಸರದಿಯಲ್ಲಿ ಉಬ್ಬುತ್ತವೆ, ಇಳಿಯುತ್ತವೆ. ತಂತಿಯ ಸ್ವರ ಡಬ್ಬಿಯ ಸ್ವಂತ ಕಂಪನಕ್ಕೆ ಸರಿಯಾಗಿ ಕೂತಾಗ ಡಬ್ಬಿ ಜೋರಾಗಿ ಅದುರಿ ತಂತಿಯ ಶಕ್ತಿಯನ್ನು ಹೀರಿಕೊಳ್ಳುತ್ತದೆ. ಅಷ್ಟು ಶಕ್ತಿಯನ್ನು ಕಮಾನು ತುಂಬಿಕೊಡಲಾರದು. ತಂತಿ ಮೂಲಸ್ವರ ಹಿಡಿಯಲಾರದೆ ಮೇಲಿನ ಸ್ಥಾಯಿಗೆ ಜಾರುತ್ತದೆ. ತಂತಿ ಜಾರಿದ ಮೇಲೆ ಡಬ್ಬಿಗೆ ಆಹಾರ ಸಿಗದೆ ಅದು ಶಾಂತ ಆಗುತ್ತದೆ, ಡಬ್ಬಿ ಶಾಂತ ಆದ ಮೇಲೆ ತಂತಿ ಮತ್ತೆ ಮೂಲಸ್ವರಕ್ಕೆ ಬರುತ್ತದೆ, ಬಂದ ಕೂಡಲೇ ಮತ್ತೆ ಅದೇ ಆಟ. ಸೆಕೆಂಡಿಗೆ ಹಲವು ಸಲ ನಡೆಯುವ ಈ ಹಗ್ಗಜಗ್ಗಾಟವೇ ಆ ಊಳು.

ನಾವು ಇದನ್ನು ಓದಿ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ತಂತಿಯೂ ಚಲೋ, ಡಬ್ಬಿಯೂ ಚಲೋ, ಕೂಡಿದ ಜಾಗದಲ್ಲಿ ಮಾತ್ರ ಕೆಟ್ಟದ್ದು. ಹಾಲಿನ ಮೂಲೆಯಲ್ಲಿ ಕೂತ ಸಬ್‌ವೂಫರಿಗೆ ಡಬ್ಬಿ ಯಾವುದು? ಅದರ ಪ್ಲೈವುಡ್ ಪೆಟ್ಟಿಗೆ ಅಲ್ಲ, ಆ ಹಾಲೇ! ಲೆಕ್ಕ ಹಾಕಿದೆವು. ಗಾಳಿಯಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. 12 ಅಡಿ ಅಂದ್ರೆ 3.66 ಮೀಟರ್, ಅದರ ಎರಡರಷ್ಟರಿಂದ ಭಾಗಿಸಿದರೆ ಸುಮಾರು 47 ಹರ್ಟ್ಸ್. 16 ಅಡಿಗೆ 35, ಅದರ ಇಮ್ಮಡಿ 70. ಬೆಳಗ್ಗೆ ಎದ್ದು ಮೊಬೈಲಿನ ಟೋನ್ ಆಪ್‌ನಿಂದ ಕೆಳಗಿನಿಂದ ಮೇಲಕ್ಕೆ ಒಂದೊಂದೇ ಹರ್ಟ್ಸ್ ಏರಿಸಿದೆವು. 45 ದಾಟಿದ ಮೇಲೆ ಹಾಲು ಗುಂಯ್ ಅಂದಿತು, 50 ದಾಟಿದಾಗ ಸುಮ್ಮನಾಯಿತು, 70ರ ಹತ್ತಿರ ಮತ್ತೆ ಗುಂಯ್, ಜೊತೆಗೆ ಷೋಕೇಸಿನ ಗಾಜು, ಒಳಗಿನ ಸ್ಟೀಲ್ ಲೋಟ ಎಲ್ಲ ತಾಳ ಹಾಕಿದವು. ಮನೆಯವರು ಒಳಗಿನಿಂದ ಓಡಿಬಂದರು. ಸುಳ್ಳು ಯಾಕೆ ಹೇಳಬೇಕು, ಪರೀಕ್ಷೆಯ ಪೇಪರಿನ ಹೊರಗೆ ಒಂದು ಲೆಕ್ಕ ಸರಿ ಬಂದದ್ದು ನಮಗೆ ಅದೇ ಮೊದಲ ಸಲ.

ಒಂದು ವ್ಯತ್ಯಾಸ ಹೇಳಿಬಿಡಬೇಕು, ಇಲ್ಲಾಂದ್ರೆ ನಮ್ಮ ಎಚ್‌ಓಡಿ ಹಿಡಿಯುತ್ತಾರೆ. ಚೆಲ್ಲೋದಲ್ಲಿ ಡಬ್ಬಿ ತಿರುಗಿ ತಂತಿಯನ್ನೇ ಹಿಡಿದು ಎಳೆಯುತ್ತದೆ. ಹಾಲು ಹಾಗೆ ಸ್ಪೀಕರಿನ ಕೋನನ್ನು ತಡೆಯೋದಿಲ್ಲ, ಕೋನು ತನ್ನ ಪಾಡಿಗೆ ಸರಿಯಾಗಿಯೇ ಆಡುತ್ತಿರುತ್ತದೆ. ಕೆಡೋದು ನಮ್ಮ ಕಿವಿಗೆ ಬರುವ ಸದ್ದು. ಎರಡು ಮೂರು ಸ್ವರಗಳು ಅಳತೆ ಮೀರಿ ಉಬ್ಬಿ, ಬೇಗ ಆರದೆ ಉಳಿದು, ಮೇಲಿನ ಮಾತಿನ ಅಕ್ಷರಗಳನ್ನು ಮುಚ್ಚಿಬಿಡುತ್ತವೆ. ಅಂಗಡಿಯವರ ಮಾತು ಕೇಳಿ ದೊಡ್ಡ ಆಂಪ್ಲಿಫೈಯರ್ ತಂದಿದ್ದರೆ ದುಡ್ಡು ಕೊಟ್ಟು ಗುಂಯ್ ಹೆಚ್ಚು ಮಾಡಿಸಿಕೊಂಡಂತೆ ಆಗುತ್ತಿತ್ತು.

ರಾಮನ್ ಪಿಟೀಲಿನ ಕುಟುಂಬದ ಮೇಲೆ 1918ರಲ್ಲಿ ಒಂದು ದೊಡ್ಡ ಗ್ರಂಥವನ್ನೇ ಬರೆದರು. ಆಮೇಲೆ ಅವರಿಗೆ ಒಂದು ಸಂಶಯ ಬಂತು. ನುಡಿಸುವವನ ಕೈ ಪ್ರತಿ ಸಲ ಒಂದೇ ರೀತಿ ಇರೋದಿಲ್ಲ. ಕಮಾನಿನ ವೇಗ, ಒತ್ತಡ, ತಂತಿಯ ಮೇಲೆ ಅದು ಕೂರುವ ಜಾಗ, ಮೂರೂ ಒಟ್ಟಿಗೇ ಬದಲಾಗುತ್ತಿದ್ದರೆ ಯಾವುದರಿಂದ ಏನಾಯಿತು ಅಂತ ಹೇಳೋದು ಹೇಗೆ? ಅದಕ್ಕೆ ಪಿಟೀಲು ನುಡಿಸುವ ಯಂತ್ರವನ್ನೇ ಮಾಡಿದರು. ವೇಗ ಇಷ್ಟೇ ಅಂದ್ರೆ ಇಷ್ಟೇ, ಒತ್ತಡ ಇಷ್ಟೇ ಅಂದ್ರೆ ಇಷ್ಟೇ. ಒಂದನ್ನು ಮಾತ್ರ ಬದಲಿಸೋದು, ಬಾಕಿಯೆಲ್ಲ ಹಾಗೇ ಇಡೋದು. 1920ರ ಸುಮಾರಿನ ಕೆಲಸ ಇದು. ಯಂತ್ರ ಇಟ್ಟುಕೊಂಡು ಸಂಗೀತ ಅಳೆಯೋದು ಅರಸಿಕತನ ಅಂತ ಯಾರಿಗಾದರೂ ಅನಿಸಬಹುದು. ನಮಗೆ ಅನಿಸಿದ್ದು ನಾವು ಹಿಂದಿನ ದಿನ ಮಾಡಿದ ಮೂರ್ಖತನ. ಬಾಸ್ ಕಡಿಮೆ, ಟ್ರೆಬಲ್ ಹೆಚ್ಚು, ಸರೌಂಡ್ ಮೋಡ್ ಬದಲಿ, ವೈರು ಕಿತ್ತು ಹಾಕು, ಎಲ್ಲವನ್ನೂ ಹತ್ತು ನಿಮಿಷದಲ್ಲಿ ಮಾಡಿ, ಕೊನೆಗೆ ಏನೂ ತಿಳಿಯಲಿಲ್ಲ ಅಂತ ಕೈ ಚೆಲ್ಲಿದ್ದೆವು.

ಹಾಗಾಗಿ ಎರಡನೇ ದಿನ ಪದ್ಧತಿ ಬದಲಾಯಿತು. ಒಂದೇ ಭಜನೆಯ ಒಂದೇ ನಿಮಿಷದ ತುಣುಕು, ಒಂದೇ ವಾಲ್ಯೂಮು, ಕೇಳುವ ಕಿವಿ ಅಜ್ಜನದು. ಅಜ್ಜನ ಬೆನ್ನು ನಮ್ಮ ಕಡೆಗೆ, ನಾವು ಏನು ಬದಲಿಸಿದೆವು ಅಂತ ಅವರಿಗೆ ಕಾಣಬಾರದು. ತುಣುಕು ಮುಗಿದ ಮೇಲೆ ಎಷ್ಟು ಶಬ್ದ ತಿಳಿದವು ಅಂತ ಅಜ್ಜ ಬೆರಳಲ್ಲಿ ತೋರಿಸಬೇಕು. ಆ ಹಾಡು ಅವರಿಗೆ ಮೊದಲೇ ಬಾಯಿಪಾಠ ಇತ್ತಲ್ಲ ಅಂತ ನೀವು ಕೇಳಬಹುದು. ನಿಜ. ಅದಕ್ಕೇ ಅವರಿಗೆ ಗೊತ್ತಿಲ್ಲದ ಬೇರೆ ಮೇಳದ ಹಾಡು ತಂದೆವು. ಕಿತ್ತೂರಿನವನ ಮೊಬೈಲಿನಲ್ಲಿ ಇತ್ತು.

ಮೊದಲು ಸಿಕ್ಕಿದ್ದು ನಾಚಿಕೆಗೇಡಿನ ತಪ್ಪು. ಎಡಗಡೆ ಸ್ಪೀಕರಿನ ಕೆಂಪು ಕರಿ ವೈರು ಅದಲುಬದಲಾಗಿದ್ದವು. ಗಡಿಯಾರದ ಸೆಲ್ ಒಂದನ್ನು ಕ್ಷಣಮಾತ್ರ ವೈರಿಗೆ ಮುಟ್ಟಿಸಿದಾಗ ಬಲಗಡೆಯ ಕೋನು ಹೊರಗೆ ಬಂತು, ಎಡಗಡೆಯದು ಒಳಗೆ ಹೋಯಿತು. ಒಂದು ಗಾಳಿಯನ್ನು ತಳ್ಳುವಾಗ ಇನ್ನೊಂದು ಎಳೆದರೆ ನಡುವೆ ಬರಬೇಕಾದ ಹಾಡುಗಾರನ ದನಿ ಟೊಳ್ಳಾಗುತ್ತದೆ. ಆಮೇಲೆ ಮಾತಿನ ಭಾರವೆಲ್ಲ ಹೊರಬೇಕಾದ ಸೆಂಟರ್ ಸ್ಪೀಕರ್ ಎಲ್ಲಿತ್ತು? ಷೋಕೇಸಿನ ಗಾಜಿನ ಬಾಗಿಲ ಹಿಂದೆ, ಒಂದು ಮದುವೆ ಫೋಟೋದ ಮರೆಯಲ್ಲಿ. ಅದನ್ನು ಹೊರಗೆ ತಂದು ಟಿವಿ ಕೆಳಗೆ ಕೂರಿಸಿದೆವು. ಅಜ್ಜನ ಬೆರಳು ಒಂದು ಕೈಯಿಂದ ಎರಡು ಕೈಗೆ ಬಂದವು.

ಸಬ್‌ವೂಫರಿಗೆ ಜಾಗ ಹುಡುಕಿದ್ದು ಬೇರೆ ರೀತಿ. ಅದನ್ನು ಎತ್ತಿ ಅಜ್ಜ ಕೂರುವ ಕುರ್ಚಿಯ ಮೇಲಿಟ್ಟು, ನಾವು ನಾಲ್ವರೂ ಗೋಡೆಯ ಗುಂಟ ಅಂಬೆಗಾಲಿಟ್ಟು ಹರಿದಾಡಿ, ಎಲ್ಲಿ ಬಾಸ್ ಸಮನಾಗಿ ಕೇಳುತ್ತದೋ ಆ ಜಾಗಕ್ಕೆ ಚಾಕ್‌ಪೀಸಿನ ಗುರುತು ಹಾಕಿದೆವು. ಕೇಳುವವ ಮತ್ತು ಸದ್ದಿನ ಮೂಲ ಜಾಗ ಬದಲಿಸಿಕೊಂಡರೂ ಫಲ ಒಂದೇ ಅನ್ನುವ ಈ ನಿಯಮ ಹೆಲ್ಮ್‌ಹೋಲ್ಟ್ಸ್ ಅವರದೇ, ರಾಮನ್ ಹುಡುಗನಿದ್ದಾಗ ಹಚ್ಚಿಕೊಂಡ ಅದೇ ಮನುಷ್ಯ. 12 ಅಡಿ ಗೋಡೆಯ ನಟ್ಟನಡುವೆ ಆ ಜಾಗ ಸಿಕ್ಕಿತು, 47ರ ಗುಂಯ್ ಅಲ್ಲಿ ಏಳೋದೇ ಇಲ್ಲ. 70ರದ್ದು ಇನ್ನೂ ಇತ್ತು. ಅದಕ್ಕೆ ಕುರ್ಚಿಯನ್ನೇ ಹಿಂದಿನ ಗೋಡೆಯಿಂದ 4 ಅಡಿ ಮುಂದಕ್ಕೆ ತಂದೆವು, 16ರ ಕಾಲುಭಾಗ. ಇಷ್ಟೊತ್ತಿಗೆ ಅಜ್ಜ ನಗುತ್ತಿದ್ದರು, ಇಂಜಿನಿಯರುಗಳು ನೆಲದ ಮೇಲೆ ಹರಿದಾಡೋದು ನೋಡಿ.

ಈಗ ರಾಮನ್ ಅವರ ಕಡೆ ಹೋಗೋಣ. 1917ರಲ್ಲಿ ಕಲಕತ್ತಾ ವಿಶ್ವವಿದ್ಯಾಲಯದ ಪಾಲಿತ್ ಪ್ರೊಫೆಸರ್ ಹುದ್ದೆ ಒಪ್ಪಿಕೊಂಡು ಸರ್ಕಾರಿ ನೌಕರಿ ಬಿಟ್ಟರು. ಸಂಬಳ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ವೀಣೆ, ತಂಬೂರಿ, ಮೃದಂಗ ಎಲ್ಲ ಅವರ ಟೇಬಲ್ಲಿಗೆ ಬಂದವು. ಬರೀ ಚರ್ಮ ಬಿಗಿದ ಸಾಧಾರಣ ಡೋಲಿನ ಉಪಸ್ವರಗಳು ಮೂಲಸ್ವರದ 1.59, 2.14, 2.30 ಪಟ್ಟು ಹೀಗೆ ಒಂದಕ್ಕೊಂದು ಹೊಂದಿಕೆಯಿಲ್ಲದೆ ಬರುತ್ತವೆ. ಅದಕ್ಕೇ ಡೋಲಿಗೆ ಶ್ರುತಿ ಅಂತ ಹೇಳೋದು ಕಷ್ಟ. ಮೃದಂಗ, ತಬಲದ ನಡುವಿನ ಕರಿ ಕರಣೆ ಚರ್ಮದ ತೂಕವನ್ನು ಬದಲಿಸಿ ಆ ಉಪಸ್ವರಗಳನ್ನು 2, 3, 4, 5 ಪಟ್ಟಿಗೆ ತಂದು ಕೂರಿಸುತ್ತದೆ. ರಾಮನ್ ಇದನ್ನು ಶಿವಕಾಳಿ ಕುಮಾರ್ ಜೊತೆ 1920ರಲ್ಲಿ ಬರೆದರು. ಚರ್ಮದ ಮೇಲೆ ಸಣ್ಣ ಮರಳು ಉದುರಿಸಿ, ಅದು ಎಲ್ಲಿ ಗೆರೆಗಟ್ಟಿ ನಿಲ್ಲುತ್ತದೆ ಅಂತ ನೋಡಿ ಯಾವ ಕಂಪನ ಯಾವುದು ಅಂತ ಗುರುತಿಸಿದರು. ಕರಣೆ ಹಚ್ಚುವ ಕುಶಲಕರ್ಮಿ ಸಮೀಕರಣ ಬಿಡಿಸಿದವನಲ್ಲ, ಬಾರಿಸಿ ಕೇಳಿ, ಮತ್ತೆ ಒಂದು ಪದರ ಹಚ್ಚಿ, ಮತ್ತೆ ಕೇಳಿ ಅಲ್ಲಿಗೆ ಮುಟ್ಟಿದವನು. ಆ ಹೆಸರಿಲ್ಲದ ಜನರ ಕೆಲಸ ನಮಗೆ ಬಹಳ ಹಿಡಿಸಿತು.

1921ರಲ್ಲಿ ಮೊದಲ ಸಲ ಇಂಗ್ಲೆಂಡಿಗೆ ಹೋದರು. ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನ ಗುಮ್ಮಟದಲ್ಲಿ ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟಿದರೆ ಆಚೆ ತುದಿಯಲ್ಲಿ ಕೇಳುತ್ತದೆ. ಎಲ್ಲರೂ ಪಿಸುಗುಟ್ಟಿ, ನಕ್ಕು, ಇಳಿದು ಬರುತ್ತಾರೆ. ಇವರು ಸದರ್ಲ್ಯಾಂಡ್ ಅನ್ನುವವರ ಜೊತೆ ಸೇರಿ ಗೋಡೆಯಿಂದ ದೂರ ಸರಿದಂತೆ ಸದ್ದು ಹೇಗೆ ಬದಲಾಗುತ್ತದೆ ಅಂತ ಅಳೆದರು. ಅದು ಸುಮ್ಮನೆ ಕಡಿಮೆಯಾಗುತ್ತಾ ಹೋಗುವುದಿಲ್ಲ, ಹೆಚ್ಚು ಕಡಿಮೆ ಹೆಚ್ಚು ಕಡಿಮೆ ಅಂತ ಪಟ್ಟೆಪಟ್ಟೆಯಾಗಿ ಬದಲಾಗುತ್ತದೆ, ಅಲ್ಲಿಯವರೆಗಿನ ಸಿದ್ಧಾಂತ ಹೇಳಿದ್ದಕ್ಕಿಂತ ತೊಡಕಾಗಿ. ಭಾರತಕ್ಕೆ ಬಂದ ಮೇಲೆ ಇಲ್ಲಿಯ ಗುಮ್ಮಟಗಳನ್ನೂ ನೋಡಿದರು, ಅದರಲ್ಲಿ ನಮ್ಮ ವಿಜಯಪುರದ ಗೋಲಗುಂಬಜವೂ ಒಂದು. ಒಳಗಿನ ವ್ಯಾಸ ಸುಮಾರು 38 ಮೀಟರ್ ಇರುವ ಆ ಗುಮ್ಮಟದಲ್ಲಿ ಹೈಸ್ಕೂಲ್ ಟ್ರಿಪ್ಪಿನಲ್ಲಿ ಕೂಗದವರು ನಮ್ಮ ಕಡೆ ಯಾರೂ ಇಲ್ಲ. ಕೂಗಿದ್ದು ಮತ್ತೆ ಮತ್ತೆ ಬರುತ್ತದೆ ಅಂತ ಖುಷಿಪಟ್ಟೆವಲ್ಲ, ಅದೇ ಗುಣ ಮನೆ ಹಾಲಿಗೆ ಬಂದರೆ ರೋಗ. ರಾಮದುರ್ಗದವ ಬೈಲಹೊಂಗಲದ ಹಾಲಿನ ನಡುವೆ ನಿಂತು ಚಪ್ಪಾಳೆ ಹೊಡೆದಾಗ ಎದುರುಬದುರು ಗೋಡೆಗಳ ನಡುವೆ ಟ್ರ್‌ರ್ ಅಂತ ಸದ್ದು ಓಡಾಡಿತು. ಹಾರ್ವರ್ಡ್‌ನ ವಾಲೆಸ್ ಸಬೀನ್ 1895ರಿಂದ ಇಂಥದ್ದೇ ಒಂದು ಕೆಟ್ಟ ಲೆಕ್ಚರ್ ಹಾಲನ್ನು ಸರಿಮಾಡಲು ಪಕ್ಕದ ಥಿಯೇಟರಿನ ಕುಷನ್ನುಗಳನ್ನು ಹೊತ್ತು ತಂದು ಹಾಸಿ ಅಳೆದಿದ್ದರು. ನಮಗೆ ಕುಷನ್ ಯಾಕೆ? ಮನೆಯಲ್ಲಿ ಅಜ್ಜಿ ಹೊಲಿದ ಕೌದಿಗಳಿದ್ದವು. ಒಂದು ಟೈಲ್ಸ್ ಮೇಲೆ, ಒಂದು ಗೋಡೆಗೆ. ಅಜ್ಜಿ ತೀರಿಕೊಂಡ ಮೇಲೆ ಅವು ಟ್ರಂಕಿನಿಂದ ಹೊರಗೆ ಬಂದಿರಲಿಲ್ಲ.

ಅದೇ 1921ರ ವಾಪಸು ಪ್ರಯಾಣದ ಹಡಗಿನಲ್ಲಿ ಮೆಡಿಟರೇನಿಯನ್ ಸಮುದ್ರದ ನೀಲಿ ರಾಮನ್ ಅವರನ್ನು ಹಿಡಿಯಿತು. ಅಲ್ಲಿಂದ ಮುಂದಿನದು ಎಲ್ಲರಿಗೂ ಗೊತ್ತು: ಕೆ. ಎಸ್. ಕೃಷ್ಣನ್ ಜೊತೆ 1928ರ ಫೆಬ್ರವರಿ 28, 1930ರ ನೊಬೆಲ್. ಗೊತ್ತಿಲ್ಲದ್ದು ಏನಂದ್ರೆ, ಈ ನಡುವೆಯೇ 1927ರಲ್ಲಿ ಜರ್ಮನಿಯ ದೊಡ್ಡ ಭೌತಶಾಸ್ತ್ರ ಕೋಶಕ್ಕೆ ಸಂಗೀತವಾದ್ಯಗಳ ಅಧ್ಯಾಯ ಬರೆದುಕೊಟ್ಟವರೂ ಅವರೇ.

1933ರಲ್ಲಿ ಬೆಂಗಳೂರಿಗೆ ಬಂದರು, ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾಗಿ. ಮುಂದಿನ ವರ್ಷವೇ ವಿಜ್ಞಾನ ಅಕಾಡೆಮಿ ಕಟ್ಟಿದರು. ಮೃದಂಗದ ಪೂರ್ಣ ಲೇಖನ ಬಂದದ್ದು 1935ರಲ್ಲಿ, ಅಂದ್ರೆ ಕರ್ನಾಟಕದ ನೆಲದಿಂದ. ನಾಗೇಂದ್ರನಾಥ್ ಜೊತೆ ಅದೇ ಹೊತ್ತಿಗೆ ಇನ್ನೊಂದು ಕೆಲಸ ಮಾಡಿದರು. ದ್ರವದೊಳಗೆ ಅಲ್ಟ್ರಾಸೌಂಡ್ ಅಲೆಗಳನ್ನು ಹರಿಸಿದರೆ ಅದು ಬೆಳಕಿಗೆ ಜಾಲರಿಯ ಹಾಗೆ ವರ್ತಿಸಿ ಬೆಳಕನ್ನು ಒಡೆಯುತ್ತದೆ, ಅದು ಯಾಕೆ, ಎಷ್ಟು ಅನ್ನುವ ಸಿದ್ಧಾಂತ. ಸದ್ದು ಬೆಳಕು ಎರಡೂ ಒಂದೇ ಪಾತ್ರೆಯಲ್ಲಿ ಸಿಕ್ಕವು. ಲೇಸರನ್ನು ಸದ್ದಿನಿಂದ ತಿರುಗಿಸುವ ಇವತ್ತಿನ ಉಪಕರಣಗಳ ಬುಡ ಅಲ್ಲಿದೆ.

ಆ ಕಿವಿ ಎಲ್ಲರ ಮಾತನ್ನೂ ಕೇಳಿಸಿಕೊಂಡಿತು ಅಂತ ಬರೆದರೆ ಸುಳ್ಳಾಗುತ್ತದೆ. ಮುಂಬಯಿಯಲ್ಲಿ ಓದಿ ಚಲೋ ಮಾರ್ಕ್ಸ್ ತೊಗೊಂಡು ಬಂದ ಕಮಲಾ ಭಾಗವತ್, ಮುಂದೆ ಕಮಲಾ ಸೊಹೊನಿ, ಇವರಿಗೆ ಹೆಣ್ಣು ಅನ್ನುವ ಕಾರಣಕ್ಕೇ ಪ್ರವೇಶ ಕೊಡಲು ಒಪ್ಪಲಿಲ್ಲ. ಅವರು ಪಟ್ಟು ಹಿಡಿದ ಮೇಲೆ ಷರತ್ತು ಹಾಕಿ ಸೇರಿಸಿಕೊಂಡರು. ಈ ಸಾಲುಗಳನ್ನು ತೆಗೆಯಬಾರದು ಅಂತ ಸವದತ್ತಿಯವಳು ಹೇಳಿದಳು, ನಾವು ಮೂವರೂ ತೆಗೆಯಬೇಕು ಅಂತ ಅಂದಿರಲಿಲ್ಲ, ಆದರೂ ಹೇಳಿದಳು. ಸಂಸ್ಥೆಯೊಳಗಿನ ಜಗಳದಲ್ಲಿ ರಾಮನ್ 1937ಕ್ಕೆ ನಿರ್ದೇಶಕ ಸ್ಥಾನ ಬಿಟ್ಟರು, ಪ್ರೊಫೆಸರ್ ಆಗಿ 1948ರವರೆಗೆ ಉಳಿದರು. ಆಮೇಲೆ ಮೈಸೂರು ಮಹಾರಾಜರು ಕೊಟ್ಟ ಜಾಗದಲ್ಲಿ ತಮ್ಮದೇ ಸಂಶೋಧನಾ ಸಂಸ್ಥೆ ಕಟ್ಟಿಕೊಂಡು, ಗುಲಾಬಿ ಬೆಳೆಸಿಕೊಂಡು, ವಜ್ರಗಳನ್ನು ನೋಡಿಕೊಂಡು, ಬೇಡದವರನ್ನು ಬಾಗಿಲಿಂದಲೇ ಕಳಿಸಿ ಇದ್ದರು. 1954ರಲ್ಲಿ ಭಾರತರತ್ನ ಬಂತು.

ಕೊನೆಯ ದಿನಗಳಲ್ಲಿ ಮತ್ತೆ ಸದ್ದಿನ ಕಡೆಗೇ ತಿರುಗಿದರು. ಪ್ರತಿ ಅಕ್ಟೋಬರ್ 2ಕ್ಕೆ ಗಾಂಧಿ ಸ್ಮರಣೆಯ ಉಪನ್ಯಾಸ ಕೊಡುವ ರೂಢಿ ಅವರಿಗಿತ್ತು. 1970ರಲ್ಲಿ ಆರಿಸಿಕೊಂಡ ವಿಷಯ ಕಿವಿ, ಮನುಷ್ಯ ಸದ್ದನ್ನು ಹೇಗೆ ಕೇಳುತ್ತಾನೆ ಅನ್ನೋದು. ಏಳು ವಾರ ಕಳೆದು, ನವೆಂಬರ್ 21ರಂದು ತೀರಿಕೊಂಡರು. ಸಂಸ್ಥೆಯ ತೋಟದಲ್ಲೇ ದಹನ, ಆ ಜಾಗದಲ್ಲಿ ಒಂದು ಮರ.

ಬೈಲಹೊಂಗಲದಿಂದ ಹೊರಡುವ ಹಿಂದಿನ ಸಂಜೆ ಅಜ್ಜನ ಮೇಳದ ಕ್ಯಾಸೆಟ್ಟು ಹಾಕಿದೆವು. ಆಂಪ್ಲಿಫೈಯರ್ ಹಳೇದೇ, ಖರ್ಚು ಒಂದು ಗಡಿಯಾರದ ಸೆಲ್ಲಿನದು. ಅಜ್ಜನ ಕಿವಿ ಹದಿನೆಂಟರ ಕಿವಿ ಏನಲ್ಲ, ಮೇಲಿನ ಸಣ್ಣ ಸದ್ದುಗಳು ಅವರಿಗೆ ಕಡಿಮೆಯೇ. ಡಾಕ್ಟರ ಹತ್ತಿರ ಒಂದು ಸಲ ತೋರಿಸಿ ಅಂತ ನಾವೂ ಹೇಳಿ ಬಂದೆವು. ಆದ್ರೆ ಆ ಸಂಜೆ ಅವರು ಕುರ್ಚಿ ಬಿಟ್ಟು ಏಳಲಿಲ್ಲ. ಮೂರನೇ ಹಾಡಿಗೆ ಕೈ ಎತ್ತಿ ನಿಲ್ಲಿಸಿ ಅಂದರು, ನಾವು ಗಾಬರಿಯಾಗಿ ಸಬ್‌ವೂಫರಿನ ಕಡೆ ಓಡಿದೆವು. ಅದಲ್ಲ ಅಂತ ಕೈ ಆಡಿಸಿದರು. ಆ ಹಾಡಿನಲ್ಲಿ ತಬಲ ಅರ್ಧ ಸ್ವರ ಇಳಿದಿದೆಯಂತೆ, ರೆಕಾರ್ಡ್ ಮಾಡಿಸುವ ದಿನವೇ ಬಾರಿಸುವವನಿಗೆ ಹೇಳಿದ್ದರಂತೆ, ಅವನು ಕೇಳಿರಲಿಲ್ಲವಂತೆ.